ಗಿರಣಿ ಗೆದ್ದ ಭಾನುವಾರ

ಹನ್ನೊಂದು ವರ್ಷಗಳ ಮೇಲೆ ಗಿರಣಿ ತಂಡ ಫುಟ್ಬಾಲಿನಲ್ಲಿ ಕಾಲುವೆ ತಂಡವನ್ನು ಸೋಲಿಸಿತು. ಆ ಭಾನುವಾರ ಸಂಜೆ ಮನೆಗೆ ಬಂದಾಗ ಮೇಸ್ತ್ರಿಯ ಗಂಟಲು ಕೂಗಿ ಕೂಗಿ ಪೂರ್ತಿ ಕಟ್ಟಿಹೋಗಿತ್ತು. ಮೂವತ್ತು ವರ್ಷದಿಂದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನನ್ನು ಬೀದಿಯವರೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ಅವನು ಎರಡು ಬೆರಳೆತ್ತಿ ತೋರಿಸಿದ. ಆಮೇಲೆ ಇನ್ನೊಂದು ಕೈಯಲ್ಲಿ ಸೊನ್ನೆ ಮಾಡಿ ತೋರಿಸಿದ.

"ಗೊತ್ತು ಬಿಡಿ, ಮೈದಾನದ ಕೂಗು ಇಲ್ಲಿಗೇ ಕೇಳಿಸ್ತು," ಎಂದಳು ಹೆಂಡತಿ. ಅವಳು ಮನೆಯಲ್ಲೇ ಕೂತು ಬಟ್ಟೆ ಹೊಲಿಯುತ್ತಿದ್ದಳು. ಮುಂದಿನ ಕೋಣೆಯ ಕಿಟಕಿಗೆ ಒತ್ತಿಕೊಂಡು ಅವಳ ಮೆಷಿನ್ನಿತ್ತು. ಹಿಂದಿನ ಎರಡು ವಾರ ಅವಳು ಬೇರೆ ಬಟ್ಟೆಯನ್ನೇ ಮುಟ್ಟಿರಲಿಲ್ಲ. ಗಿರಣಿ ಕ್ಲಬ್ಬಿನ ಕೆಂಪು ಬಾವುಟ ಹೊಲಿದು ಹೊಲಿದು ಬೆರಳ ತುದಿಗೂ ಆ ಬಣ್ಣ ಹತ್ತಿತ್ತು.

ಎರಡೂ ಒಂದೇ ಊರಿನ ಕ್ಲಬ್ಬುಗಳು. ನಡುವೆ ಒಂದು ಕಾಲುವೆ, ಅದರ ಮೇಲೊಂದು ಸೇತುವೆ. ಈ ಕಡೆಯವರದು ಕೆಂಪು, ಆ ಕಡೆಯವರದು ಹಸಿರು. ಅವರು ಇವರನ್ನು ಹತ್ತಿಮೂಗು ಅನ್ನುತ್ತಿದ್ದರು, ಇವರು ಅವರನ್ನು ಕಪ್ಪೆ ಅನ್ನುತ್ತಿದ್ದರು. ಹತ್ತಿ ಗಿರಣಿ ಮುಚ್ಚಿ ಇಪ್ಪತ್ತು ವರ್ಷವಾಗಿತ್ತು. ಕಾಲುವೆಯ ನೀರಿನಲ್ಲಿ ಈಗ ಕಪ್ಪೆಯೂ ಬದುಕುವ ಹಾಗಿರಲಿಲ್ಲ. ಹೆಸರು ಮಾತ್ರ ಹಾಗೇ ಉಳಿದಿದ್ದವು.

"ಎಲ್ಲಿ ನಮ್ಮ ಡೋಲು?" ಎಂದು ಮೇಸ್ತ್ರಿ ಒಡೆದ ದನಿಯಲ್ಲಿ ಕೇಳಿದ. ಡೋಲು ಎಂದರೆ ಮಗ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಕೆಲಸ. ಪಂದ್ಯವಿದ್ದ ದಿನ ಗ್ಯಾಲರಿಯಲ್ಲಿ ಡೋಲು ಬಡಿಯುವವನು ಅವನೇ, ಹಾಗಾಗಿ ಆ ಹೆಸರು.

ಮಗ ಕತ್ತಲಾಗುವ ಹೊತ್ತಿಗೆ ಬಂದ. ಡೋಲಿನ ಒಂದು ಬದಿಯ ಚರ್ಮ ಹರಿದಿತ್ತು.

"ಏನೋ ಇದು?"

"ಸೇತುವೆ ಮೇಲೆ ಗಲಾಟೆ ಆಯ್ತು. ಅವರು ಬಾಟಲಿ ಎಸೆದ್ರು."

"ಸೋತವರು ಇನ್ನೇನು ಮಾಡ್ತಾರೆ? ಬಾ, ಕೂರು. ಮೊಟ್ಟೆ ಸಾರಿದೆ."

"ಹಸಿವಿಲ್ಲ ಅಪ್ಪ."

ಹನ್ನೊಂದು ವರ್ಷಕ್ಕೊಮ್ಮೆ ಗೆದ್ದ ದಿನ ಹಸಿವಿಲ್ಲವಂತೆ ಎಂದು ಮೇಸ್ತ್ರಿ ನಕ್ಕು, ಮಗನ ಪಾಲಿನ ಮೊಟ್ಟೆಯನ್ನೂ ತಾನೇ ತಿಂದ.

ಮಗಳು ದೊಡ್ಡಾಸ್ಪತ್ರೆಯ ಕಣ್ಣಿನ ವಾರ್ಡಿನಲ್ಲಿ ನರ್ಸು. ಸೋಮವಾರ ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದವಳು ಬಟ್ಟೆ ಕೂಡ ಬದಲಿಸದೆ ನೇರವಾಗಿ ಅಮ್ಮನ ಮೆಷಿನ್ನಿನ ಹತ್ತಿರ ಬಂದಳು. ಕೆಳಗಿದ್ದ ಚಿಂದಿ ಬುಟ್ಟಿಯಿಂದ ಗೇಣುದ್ದದ ಕೆಂಪು ಪಟ್ಟಿಯೊಂದನ್ನು ಎಳೆದು ಬೆಳಕಿಗೆ ಹಿಡಿದಳು.

"ಅಮ್ಮ, ಈ ಸಲ ಅಂಚಿಗೆ ಹಳದಿ ದಾರ ಯಾಕೆ ಹಾಕಿದೆ?"

"ಕೆಂಪು ದಾರ ಮುಗಿದಿತ್ತು. ಅಂಗಡಿಯವನು ನಾಳೆ ಬಾ, ನಾಡಿದ್ದು ಬಾ ಅಂತ ಆಟ ಆಡಿಸಿದ. ಯಾಕೆ, ಚೆನ್ನಾಗಿ ಕಾಣಲ್ವಾ?"

"ಬೇರೆ ಯಾರಾದರೂ ಹೀಗೆ ಹೊಲೀತಾರಾ?"

"ಕೆಂಪು ಬಾವುಟಕ್ಕೆ ಹಳದಿ ಅಂಚು ಯಾರು ಹಾಕ್ತಾರೆ? ನನ್ನಂಥವಳೇ ಹಾಕಬೇಕು."

ಮಗಳು ಪಟ್ಟಿಯನ್ನು ಮೆಷಿನ್ನಿನ ಮೇಲಿಟ್ಟಳು. "ನಿನ್ನೆ ಸಂಜೆ ಒಬ್ಬರನ್ನ ತಂದ್ರು. ಬಸ್ ಡ್ರೈವರಂತೆ, ಕಾಲುವೆ ಕಡೆಯವರು. ಆಟ ನೋಡಿ ಸೇತುವೆ ಮೇಲೆ ಮನೆಗೆ ಹೋಗ್ತಿದ್ದರಂತೆ. ಬಲಗಣ್ಣು ಉಳೀಲಿಲ್ಲ. ಇವತ್ತು ಬೆಳಿಗ್ಗೆ ತೆಗೆದುಹಾಕಿದ್ರು."

"ಅಯ್ಯೋ."

"ಅವರ ಕೋಟಿನ ಮಡಿಕೆಯಲ್ಲಿ ಒಂದು ಕಬ್ಬಿಣದ ನಟ್ಟು ಸಿಕ್ತು. ಬೀಸಿ ಎಸೆಯೋಕೆ ಅನುಕೂಲವಾಗಲಿ ಅಂತ ಬಟ್ಟೆ ಪಟ್ಟಿ ಕಟ್ಟಿದ್ರು. ಪೊಲೀಸರು ತಗೊಂಡು ಹೋಗೋವಾಗ ನಾನೂ ನೋಡಿದೆ. ಇದೇ ಬಟ್ಟೆ ಅಮ್ಮ. ಇದೇ ದಾರ."

ಅಮ್ಮ ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ಹಾಗೇ ಕೂತಳು. ಹಿತ್ತಲಿನಲ್ಲಿ ಡೋಲಿನ ಹಗ್ಗ ಬಿಚ್ಚುವ ಸದ್ದು ಕೇಳುತ್ತಿತ್ತು. ಪೆಟ್ಟಾಗಿದೆ ಎಂದು ಮಗ ಅಂದು ಕೆಲಸಕ್ಕೆ ರಜೆ ಹಾಕಿದ್ದ. ಪೆಟ್ಟು ಎಲ್ಲಿ ಎಂದು ಯಾರೂ ಕೇಳಿರಲಿಲ್ಲ.

ಅವಳು ಪಟ್ಟಿಯನ್ನು ಹಿಡಿದುಕೊಂಡೇ ಹಿತ್ತಲಿಗೆ ಹೋದಳು, ಹಿಂದೆಯೇ ಮಗಳು. ಮಗ ಅದನ್ನು ನೋಡಿದ. ಅಕ್ಕನ ಮುಖ ನೋಡಿದ. ಕೈಲಿದ್ದ ಹಗ್ಗ ಕೆಳಗಿಟ್ಟ.

"ಎಷ್ಟು ಮಾಡಿದ್ದೆ?" ಎಂದು ಅಮ್ಮ ಕೇಳಿದಳು.

"ಹನ್ನೆರಡು."

"ನೀನೊಬ್ಬನೇ?"

"ಕಟ್ಟಿದ್ದು ನಾನೊಬ್ಬನೇ. ಎಸೆದವರು ಐದಾರು ಜನ. ಅವರು ಬಾಟಲಿ ಎಸೆದ ಮೇಲೇ ನಾವು..."

"ಬಾಟಲಿ ಬಂದ ಮೇಲೆ ಕೂತು ಕಟ್ಟಿದೆಯಾ?" ಎಂದು ಅಕ್ಕ ಕೇಳಿದಳು. "ಮನೆಯಿಂದ ಹೊರಡೋವಾಗಲೇ ಜೇಬಲ್ಲಿತ್ತಲ್ಲ?"

ಅಮ್ಮ ಒಳಗೆ ಹೋಗಿ ಬುಟ್ಟಿಯನ್ನೇ ತಂದು ನೀರು ಕಾಯಿಸುವ ಒಲೆಗೆ ಸುರಿದಳು. ಆ ಬಟ್ಟೆ ಉರಿಯುವುದಕ್ಕಿಂತ ಹೆಚ್ಚಾಗಿ ಕರಗಿತು. ಹಿತ್ತಲೆಲ್ಲ ಕಮಟು ವಾಸನೆ ತುಂಬಿತು. "ಅಪ್ಪನಿಗೆ ಗೊತ್ತಾಗಬಾರದು," ಎಂದಳು. "ಅಜ್ಜಿಗೂ."

ಆದರೆ ಆ ಡ್ರೈವರನ್ನು ಮೇಸ್ತ್ರಿ ಬಲ್ಲ. ಎರಡು ಕಡೆಯ ಡಿಪೋಗಳ ಗಾಡಿಗಳೂ ದೊಡ್ಡ ರಿಪೇರಿಗೆ ಇವನ ಕೈಗೇ ಬರುತ್ತಿದ್ದವು. ಮೂವತ್ತೆರಡನೇ ನಂಬರಿನ ಬಸ್ಸು ಓಡಿಸುತ್ತಿದ್ದ ಆ ಡ್ರೈವರು ಗಾಡಿ ಬಿಟ್ಟುಹೋಗುವಾಗ ಏನು ಕೆಟ್ಟಿದೆ ಎಂದು ಚೀಟಿಯಲ್ಲಿ ಬರೆದು ಸ್ಟೇರಿಂಗಿಗೆ ಸಿಕ್ಕಿಸಿ ಹೋಗುತ್ತಿದ್ದ. ಹಾಗೆ ಬರೆಯುವವನು ಊರಿಗೆಲ್ಲ ಅವನೊಬ್ಬನೇ. ಗುರುವಾರ ಮೇಸ್ತ್ರಿ ಡಿಪೋದ ಇಬ್ಬರ ಜೊತೆ ಕಿತ್ತಳೆಹಣ್ಣು ಹಿಡಿದು ಆಸ್ಪತ್ರೆಗೆ ಹೋಗಿ ಬಂದ. ಊಟಕ್ಕೆ ಕೂತಾಗ ತಾನೇ ಮಾತು ತೆಗೆದ.

"ಅರ್ಧ ತಲೆಗೆ ಬ್ಯಾಂಡೇಜು. ನನ್ನ ದನಿ ಕೇಳಿ ಎದ್ದು ಕೂತ. ಏನಂದ ಗೊತ್ತಾ? ‘ಮೇಸ್ತ್ರಿ, ನಿಮ್ಮವರು ಚೆನ್ನಾಗಿ ಆಡಿದ್ರು’ ಅಂದ. ಆಮೇಲೆ ‘ನನ್ನ ಗಾಡಿ ಎಡಗಡೆ ಕನ್ನಡಿ ಅಲ್ಲಾಡ್ತಿದೆ, ಬರೆದಿಡೋಕೆ ಆಗಲಿಲ್ಲ, ಹೊಸಬನಿಗೆ ಕಷ್ಟ ಆಗುತ್ತೆ’ ಅಂದ." ಅನ್ನದಲ್ಲಿ ಬೆರಳು ಆಡಿಸಿದ. "ಒಂದು ಕಣ್ಣಿನವನಿಗೆ ಲೈಸೆನ್ಸ್ ಎಲ್ಲಿ ಕೊಡ್ತಾರೆ? ಯಾವ ಬೇವಾರ್ಸಿ ಮಾಡಿದನೋ, ಅವನ ಕೈ ಮುರೀಬೇಕು."

"ಊಟ ಮಾಡಿ," ಎಂದಳು ಹೆಂಡತಿ.

"ಮಾಡ್ತಿದೀನಲ್ಲ. ಏನೋ, ನಿನಗೆ ಗೊತ್ತಿರಬೇಕಲ್ಲ? ನಿಮ್ಮ ಗುಂಪಿನವರೇ ಯಾರಾದರೂ ಇರಬೇಕು."

ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಮಗಳು ಅರ್ಧ ಊಟಕ್ಕೇ ಎದ್ದು ಕೈತೊಳೆಯಲು ಹೋದಳು. ಮೂಲೆಯಲ್ಲಿ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿಕೊಂಡು ತಿನ್ನುತ್ತಿದ್ದ ಅಜ್ಜಿ, ಮೇಸ್ತ್ರಿಯ ತಾಯಿ, ಒಬ್ಬೊಬ್ಬರ ಮುಖವನ್ನೇ ನೋಡಿದಳು. ಎಂಬತ್ತೆರಡಾಗಿತ್ತು, ಕಿವಿ ಸ್ವಲ್ಪ ಮಂದ. ಕಣ್ಣು ಮಾತ್ರ ಚುರುಕು.

ಮುಂದಿನ ಮಂಗಳವಾರ ಸಬ್ ಇನ್ಸ್‌ಪೆಕ್ಟರ್ ಒಬ್ಬ ಡಿಪೋಗೆ ಬಂದು ಮೇಸ್ತ್ರಿಯ ಅಂಗೈಯಲ್ಲಿ ಒಂದು ನಟ್ಟು ಇಟ್ಟ. "ನೀವು ಹಳಬರು. ಇದು ಎಲ್ಲಿಯದು ಹೇಳ್ತೀರಾ?"

"ಹಳೇ ಮಾದರಿ ಗಾಡಿಯ ಸೀಟಿಗೆ ಹಾಕೋದು ಸಾರ್," ಎಂದ ಮೇಸ್ತ್ರಿ ತಟ್ಟನೆ. "ಆ ಗಾಡಿಗಳು ಹೋಗಿ ಏಳೆಂಟು ವರ್ಷ ಆಯ್ತು. ಈಗ ಇದು ಎಲ್ಲೂ ಸಿಗಲ್ಲ, ಯಾರಾದರೂ ಮನೇಲಿ..." ಮಾತು ಅಲ್ಲಿಗೇ ನಿಂತಿತು. ಕಸಕ್ಕೆ ಹಾಕಬೇಕಿದ್ದ ಆ ನಟ್ಟುಗಳನ್ನು, ಬಾಗಿಲಿಗೋ ಕಪಾಟಿಗೋ ಬೇಕಾದೀತು ಎಂದು ಒಂದು ಸಣ್ಣ ಡಬ್ಬಿ ತುಂಬ ಮನೆಗೆ ಒಯ್ದವನು ಅವನೇ.

"ಮನೇಲಿ?"

"ಗುಜರಿಯವರ ಹತ್ತಿರ ಇರಬಹುದು ಸಾರ್."

ಅಂದು ಮನೆಗೆ ಬಂದವನೇ ಹಿತ್ತಲಿನ ಸಾಮಾನು ಕೋಣೆಗೆ ನುಗ್ಗಿದ. ಡಬ್ಬಿ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಇದು ಅರ್ಧ ಖಾಲಿ ಇದೆ. ಯಾರು ತೆಗೆದದ್ದು?"

"ಮೊದಲು ಕೂತ್ಕೊಳ್ಳಿ," ಎಂದಳು ಹೆಂಡತಿ.

"ನಾನು ಕೇಳಿದ್ದು ಯಾರು ತೆಗೆದದ್ದು ಅಂತ!"

"ನಾನು," ಎಂದ ಮಗ.

ಮೇಸ್ತ್ರಿಯ ಕೈ ಮೇಲೆದ್ದಿತು. ಮಗ ಹಿಂದೆ ಸರಿಯಲಿಲ್ಲ.

"ಹೊಡಿ ಅಪ್ಪ. ಆದರೆ ನೀನೇ ಹೇಳ್ತಿದ್ದೆಯಲ್ಲ, ನಮ್ಮ ಕಾಲದಲ್ಲಿ ಜೇಬು ತುಂಬ ಜಲ್ಲಿಕಲ್ಲು ಇಲ್ಲದೆ ಯಾರೂ ಸೇತುವೆ ಹತ್ತುತ್ತಿರಲಿಲ್ಲ ಅಂತ? ಕಪ್ಪೆಗಳು ಹೇಗೆ ಕುಪ್ಪಳಿಸಿ ಓಡಿದವು ಅಂತ ಎದ್ದು ನಿಂತು ಕುಣಿದು ತೋರಿಸ್ತಿದ್ದೆ. ಇದೇ ಅಡುಗೆಮನೇಲಿ. ನಾವೆಲ್ಲ ನಗ್ತಿದ್ವಿ."

"ಅದು ಕಲ್ಲು ಕಣೋ!"

"ಕಲ್ಲಾದರೆ ಕಣ್ಣಿಗೆ ಮೆತ್ತಗೆ ಬೀಳ್ತಿತ್ತಾ ಅಪ್ಪ?" ಎಂದು ಕೇಳಿದಳು ಮಗಳು.

ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಮೇಸ್ತ್ರಿ ಬಾಗಿಲ ಚೌಕಟ್ಟು ಹಿಡಿದುಕೊಂಡ. ಆ ಸಂಜೆ ಅವನು ಮಗನನ್ನು ಪೊಲೀಸರ ಹತ್ತಿರ ಎಳೆದೊಯ್ಯುತ್ತಾನೆ ಎಂದು ಹೆಂಡತಿ ಹೆದರಿದ್ದಳು; ಎಳೆದೊಯ್ಯಲಿ ಎಂದು ಮಗಳು ಕಾದಿದ್ದಳು. ಬೆಳಿಗ್ಗೆ ಅವನು ಡಬ್ಬಿಯನ್ನು ಊಟದ ಚೀಲದಲ್ಲಿಟ್ಟುಕೊಂಡು ಡಿಪೋಗೆ ಹೋದ. ಅಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಗುಜರಿ ರಾಶಿಗೆ ಸುರಿದು ಬಂದ.

ಅದು ಗೊತ್ತಾದ ದಿನದಿಂದ ಮಗಳು ಅವರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. ತಟ್ಟೆಗೆ ಬಡಿಸಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂರುತ್ತಿದ್ದಳು.

"ಬೀದಿಯವರು ಏನಂದುಕೊಂಡಾರು? ಒಳಗೆ ಬಾರೇ," ಎಂದು ಅಮ್ಮ ಕರೆದಳು.

"ನಾನು ದಿನಾ ಬೆಳಿಗ್ಗೆ ಆ ಗಾಯ ತೊಳೆದು ಬರ್ತೀನಿ ಅಮ್ಮ. ‘ಸಿಸ್ಟರ್, ನಿಮ್ಮ ಕೈ ಹಗುರ, ನೋವೇ ಆಗಲ್ಲ’ ಅಂತಾರೆ. ಅಲ್ಲಿಂದ ಬಂದು ಇವನ ಪಕ್ಕ ಕೂತು ಉಣ್ಣು ಅಂತೀಯ. ನಾನೇ ಹೋಗಿ ಹೇಳಿಬಿಡಲಾ?"

"ಹೇಳು. ಹೋಗಿ ಹೇಳು. ಒಡಹುಟ್ಟಿದವನನ್ನ ಜೈಲಿಗೆ ಕಳಿಸಿದವಳು ಅಂತ ಹೆಸರು ತಗೋ." ಅಮ್ಮನ ದನಿ ಏರಿತು. "ಎಸೆದವರು ಐದಾರು ಜನ. ಅವರ ಮನೆಯವರೆಲ್ಲ ನೆಮ್ಮದಿಯಾಗಿ ಉಂಡು ಮಲಗಿದಾರೆ. ನನ್ನ ಮಗನೇ ಯಾಕೆ?"

ಈ ಮಾತು ಅಜ್ಜಿಯ ಮಂದ ಕಿವಿಗೂ ಬಿತ್ತು. ಮರುದಿನ ಮೊಮ್ಮಗಳು ತಲೆಗೆ ಎಣ್ಣೆ ಹಚ್ಚುವಾಗ ಅಜ್ಜಿ ಒಂದೊಂದಾಗಿ ಕೇಳಿ ಎಲ್ಲವನ್ನೂ ಹೊರಡಿಸಿದಳು.

"ನಾನು ಆ ಕಡೆ ಹುಟ್ಟಿದವಳು," ಎಂದಳು ಕೊನೆಗೆ. "ನಿನಗೆ ಗೊತ್ತು. ಯಾಕೆ ಎರಡು ಕ್ಲಬ್ಬಾಯ್ತು ಅಂತ ಗೊತ್ತಾ?"

"ಮುಷ್ಕರ ಮುರಿದವರು ಬೇರೆ ಹೋದ್ರು ಅಂತ ಅಪ್ಪ ಹೇಳ್ತಾರೆ."

"ಮುರಿದವರಲ್ಲಿ ನಮ್ಮಪ್ಪನೂ ಒಬ್ಬ. ಐದು ತಿಂಗಳು ಗಿರಣಿ ಬಾಗಿಲಲ್ಲಿ ಕೂತಿದ್ದ. ನಮ್ಮಣ್ಣ ಆಗ ಎಳೇಕೂಸು, ಮನೇಲಿ ಹಾಲಿರಲಿಲ್ಲ. ಆರನೇ ತಿಂಗಳು ಒಳಗೆ ಹೋದ. ಅವನ ಹಾಗೆ ಇನ್ನು ನಾಲ್ಕು ಜನ. ಐದೂ ಜನ ಆಗ ಇದ್ದ ಒಂದೇ ಕ್ಲಬ್ಬಿನ ಆಟಗಾರರು. ಆ ಭಾನುವಾರ ಆಟಕ್ಕೆ ಇಳಿದರೆ ಯಾರೂ ಅವರಿಗೆ ಚೆಂಡು ಕೊಡಲಿಲ್ಲವಂತೆ. ಬೈಯಲಿಲ್ಲ, ಹೊಡೀಲಿಲ್ಲ. ಚೆಂಡು ಮಾತ್ರ ಕೊಡಲಿಲ್ಲ. ಅರ್ಧ ಆಟ ಸುಮ್ಮನೆ ಓಡಿ, ಐದೂ ಜನ ಸೇತುವೆ ದಾಟಿ ಹೋಗಿಬಿಟ್ಟರು." ಅಜ್ಜಿ ಬಿಳಿ ಜಡೆಯನ್ನು ಬೆನ್ನಿಗೆ ಹಾಕಿಕೊಂಡಳು. "ಮದುವೆಯಾಗಿ ಈ ಕಡೆ ಬಂದ ಮೇಲೆ ನಾನೂ ಅವರನ್ನ ಕಪ್ಪೆ ಅಂತಲೇ ಕರೆದೆ. ಎಲ್ಲರೂ ಕರೀತಿದ್ರು. ಹುಟ್ಟಿದ ಮನೇನ ಹಾಗೆ ಕರೆದೆ ನೋಡು."

ಆ ಶನಿವಾರ ಅವಳು ಮೊಮ್ಮಗನನ್ನು ಕರೆದಳು. "ಮರಿ, ನನ್ನ ಕಣ್ಣು ಮಂಜಾಗ್ತಿದೆ. ಆಸ್ಪತ್ರೆಗೆ ಕರಕೊಂಡು ಹೋಗು."

"ಅಕ್ಕ ಕರಕೊಂಡು ಹೋಗ್ತಾಳೆ ಬಿಡಜ್ಜಿ."

"ಅವಳಿಗೆ ಕೆಲಸ ಇರುತ್ತೆ. ನೀನೇ ಬಾ."

ಅವನು ಅನುಮಾನದಿಂದಲೇ ಹೊರಟ. ಕಣ್ಣಿನ ವಾರ್ಡಿನ ಹೊರಗೆ ಉದ್ದನೆಯ ಬೆಂಚಿತ್ತು. ಅಜ್ಜಿ ಅಲ್ಲಿ ಕೂತು, "ಒಳಗೆ ಅಕ್ಕ ಇದಾಳಾ ನೋಡಿ ಬಾ," ಎಂದಳು. ಅಕ್ಕ ಇರಲಿಲ್ಲ. ಕಿಟಕಿ ಪಕ್ಕದ ಮಂಚದಲ್ಲಿ ತಲೆಗೆ ಬ್ಯಾಂಡೇಜು ಸುತ್ತಿದ ಗಂಡಸೊಬ್ಬ ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸುತ್ತಿದ್ದ. ನೀರು ಲೋಟದ ಪಕ್ಕಕ್ಕೆ ಬಿತ್ತು. ಅವನು ಜಗ್ಗನ್ನು ಸರಿಸಿ ಮತ್ತೆ ಬಗ್ಗಿಸಿದ. ಈ ಸಲ ಆಚೆ ಕಡೆ ಬಿತ್ತು. ಮೇಜಿನಿಂದ ನೀರು ಹಾಸಿಗೆಗೆ ಇಳಿಯತೊಡಗಿತು.

"ಯಾರದು? ಸ್ವಲ್ಪ ಈ ಲೋಟ ಹಿಡಕೊಳ್ತೀಯಾ ತಮ್ಮ?" ಎಂದ ಆ ಗಂಡಸು. "ಒಂದೇ ಕಣ್ಣಾದರೆ ದೂರ ಹತ್ತಿರ ಗೊತ್ತಾಗಲ್ಲವಂತೆ. ಅಭ್ಯಾಸ ಮಾಡಿ ಅಂತಾರೆ ಸಿಸ್ಟರ್. ಇಡೀ ಬಸ್ಸನ್ನ ಸಂದೀಲಿ ತಿರುಗಿಸ್ತಿದ್ದೆ. ಈಗ ಲೋಟ ಸಿಗ್ತಿಲ್ಲ."

ಮಗ ಲೋಟ ಹಿಡಿದ. ಡ್ರೈವರು ಜಗ್ಗಿನ ಮೂತಿಯನ್ನು ಲೋಟದ ಅಂಚಿಗೆ ತಾಗಿಸಿ ನಿಧಾನವಾಗಿ ಬಗ್ಗಿಸಿದ. ಲೋಟ ತುಂಬಿತು.

"ಯಾವ ಕಡೆಯವನು ನೀನು?"

"ಗಿರಣಿ ಕಡೆ."

"ಗೆದ್ದಿರಪ್ಪ." ಅವನು ನೀರು ಕುಡಿದ. "ಆ ಎರಡನೇ ಗೋಲು ಚೆನ್ನಾಗಿತ್ತು. ಎರಡು ಕಣ್ಣಲ್ಲೂ ನೋಡಿದ ಕೊನೇ ಆಟ ಅದು. ನಮ್ಮವರು ಸೋತದ್ದು, ಬೇಜಾರು. ಥ್ಯಾಂಕ್ಸ್ ತಮ್ಮ."

ಹೊರಗೆ ಬಂದ ಮೊಮ್ಮಗನ ಅಂಗಿಯ ತೋಳು ಒದ್ದೆಯಾಗಿತ್ತು. "ನನ್ನ ಕಣ್ಣು ಸರಿಯಾಗಿದೆ, ನಡಿ," ಎಂದಳು ಅಜ್ಜಿ.

ಮರುಪಂದ್ಯಕ್ಕೆ ಇನ್ನು ಎರಡು ವಾರವಿತ್ತು. ಈ ಸಲ ಕಾಲುವೆ ಕಡೆಯ ಮೈದಾನದಲ್ಲಿ. ಗೆಳೆಯರು ಬಾಗಿಲಿಗೆ ಬಂದು ಡೋಲಿಗೆ ಹೊಸ ಚರ್ಮ ಹಾಕಿಸಿದೆಯಾ ಎಂದು ಕೇಳಿದರು. "ತಗೊಂಡು ಹೋಗಿ, ನೀವೇ ಹಾಕಿಸಿಕೊಳ್ಳಿ," ಎಂದು ಮಗ ಡೋಲನ್ನೇ ಎತ್ತಿಕೊಟ್ಟ. ಏನಾಗಿದೆಯೋ ನಿನಗೆ ಎಂದು ಅವರು ತಮಾಷೆ ಮಾಡಿದರು. ಆಮೇಲೆ ತಮಾಷೆ ನಿಲ್ಲಿಸಿ ಅವನನ್ನು ದಿಟ್ಟಿಸಿ ನೋಡಿ ಹೋದರು.

ಪಂದ್ಯದ ಹಿಂದಿನ ದಿನ ಆಲೂಗಡ್ಡೆ ಸುಲಿಯುತ್ತಿದ್ದ ಅಮ್ಮನ ಮುಂದೆ ಮಗ ಬಂದು ಕೂತ. "ನಾಳೆ ಸ್ಟೇಷನ್ನಿಗೆ ಹೋಗ್ತೀನಮ್ಮ."

ಅಮ್ಮನ ಚಾಕು ನಿಂತಿತು. "ತಲೆ ಕೆಟ್ಟಿದೆಯಾ? ಮೂರು ವಾರದಿಂದ ಪೊಲೀಸರು ಈ ಕಡೆ ತಲೆ ಹಾಕಿಲ್ಲ. ಎಲ್ಲ ತಣ್ಣಗಾಗ್ತಿದೆ."

"ಎಲ್ಲಿ ತಣ್ಣಗಾಗಿದೆ?"

"ನಿನ್ನ ಕೈಯಿಂದಲೇ ಆದದ್ದು ಅಂತ ಯಾರು ನೋಡಿದಾರೆ?"

"ನಾನು ಎರಡು ಎಸೆದೆ. ಒಂದು ಕಂಬಿಗೆ ಬಡಿದು ನೀರಿಗೆ ಬಿತ್ತು, ನೋಡಿದೆ. ಎರಡನೇದು ಎಲ್ಲಿ ಬಿತ್ತು ಅಂತ ನೋಡಲಿಲ್ಲ. ತಿರುಗಿ ಓಡಿದೆ. ಯಾರ ಕೈಯಿಂದ ಹೋಗಿದ್ದರೂ ಕಟ್ಟಿಕೊಟ್ಟದ್ದು ನಾನು."

"ರೀ, ಕೇಳಿ ಇವನ ಮಾತು!" ಎಂದು ಅಮ್ಮ ಕೂಗಿದಳು.

ಮೇಸ್ತ್ರಿ ಆಗಲೇ ಬಾಗಿಲಲ್ಲಿದ್ದ. ಒಂದು ತಿಂಗಳಿನಲ್ಲಿ ಅವನು ಅರ್ಧಕ್ಕರ್ಧ ಇಳಿದುಹೋಗಿದ್ದ. ಡಿಪೋದಲ್ಲಿ ಮೂವತ್ತೆರಡನೇ ನಂಬರಿನ ಗಾಡಿ ರಿಪೇರಿಗೆ ಬಂದರೆ ಬೇರೆಯವರ ಕಡೆ ತಳ್ಳುತ್ತಿದ್ದ. "ನಾನು ಡಬ್ಬಿ ಬಿಸಾಕಿದವನು," ಎಂದ ಮೆಲ್ಲಗೆ. "ಸಬ್ ಇನ್ಸ್‌ಪೆಕ್ಟರ ಮುಂದೆ ಸುಳ್ಳು ಹೇಳಿದವನು. ನಾನು ಇವನಿಗೆ ಹೋಗಬೇಡ ಅಂತ ಯಾವ ಬಾಯಲ್ಲಿ ಹೇಳಲಿ?"

"ಹಾಗಾದರೆ ಹೋಗಲಿ ಅಂತೀರಾ? ಹೆತ್ತವರು ನೀವು!"

"ನಾನೂ ಜೊತೆಗೆ ಹೋಗ್ತೀನಿ. ಆದರೆ ಮೊದಲು ಸ್ಟೇಷನ್ನಿಗಲ್ಲ. ಮೊದಲು ಆ ಮನೆಗೆ."

ಅಮ್ಮ ಆಲೂಗಡ್ಡೆಯ ಪಾತ್ರೆಯನ್ನು ದೂಡಿದಳು. ಅತ್ತೆಯ ಕಡೆ ತಿರುಗಿ, "ನೀವಾದರೂ ಹೇಳಿ ಅತ್ತೆ," ಎಂದು ಬೇಡಿದಳು. ಅಜ್ಜಿ ಎದ್ದು ಬಂದು ಚೆಲ್ಲಿದ ಆಲೂಗಡ್ಡೆಗಳನ್ನು ಒಂದೊಂದಾಗಿ ಹೆಕ್ಕಿ ಪಾತ್ರೆಗೆ ಹಾಕಿದಳು. ಸೊಸೆಯ ಪಕ್ಕ ಕೂತು, ಚಾಕು ತೆಗೆದುಕೊಂಡು ತಾನೇ ಸುಲಿಯತೊಡಗಿದಳು. ಸೊಸೆ ಅವಳ ಹೆಗಲಿಗೆ ಒರಗಿ ಅತ್ತಳು.

ಪಂದ್ಯದ ಮಧ್ಯಾಹ್ನ ಅಪ್ಪ ಮಗ ಸೇತುವೆ ದಾಟಿದರು. ಆ ಕಡೆಯ ಬೀದಿಗಳಲ್ಲಿ ನರಪಿಳ್ಳೆ ಇರಲಿಲ್ಲ. ಊರಿಗೆ ಊರೇ ಮೈದಾನದಲ್ಲಿತ್ತು. ಕಿಟಕಿ ಕಿಟಕಿಗೂ ಹಸಿರು ಬಾವುಟ. ಡ್ರೈವರು ವಾರದ ಹಿಂದೆ ಮನೆಗೆ ಬಂದಿದ್ದ. ಬಾಗಿಲು ತೆಗೆದದ್ದು ಅವನ ಹೆಂಡತಿ. ಸೊಂಟದಲ್ಲಿ ಸಣ್ಣ ಹೆಣ್ಣುಮಗು.

"ಓ, ಮೇಸ್ತ್ರಿ! ಬನ್ನಿ ಬನ್ನಿ," ಎಂದು ಡ್ರೈವರು ಒಳಗಿನಿಂದ ಕರೆದ. "ಆಟಕ್ಕೆ ಹೋಗಲಿಲ್ವಾ? ನಾನು ಬಿಡಿ, ಜನಜಂಗುಳಿ ಬೇಡ ಅಂದಿದಾರೆ. ಇವನು..." ಮಗನ ಕಡೆ ಮುಖವನ್ನು ಪೂರ್ತಿ ತಿರುಗಿಸಿ ನೋಡಿದ. "ಅರೆ, ನೀನು ಆಸ್ಪತ್ರೇಲಿ ಲೋಟ ಹಿಡಿದವನಲ್ವಾ?"

"ನನ್ನ ಮಗ," ಎಂದ ಮೇಸ್ತ್ರಿ.

ಮಗ ನಿಂತುಕೊಂಡೇ ಹೇಳಿದ. ನಟ್ಟು, ಬಟ್ಟೆ, ಹನ್ನೆರಡು, ಎರಡು. ಎಲ್ಲವನ್ನೂ ಹೇಳಿದ. ಹೇಳುತ್ತಿರುವಾಗಲೇ ಮೈದಾನದ ಕಡೆಯಿಂದ ದೊಡ್ಡ ಕೂಗೆದ್ದಿತು. ಯಾರೋ ಗೋಲು ಹೊಡೆದಿದ್ದರು. ಮಗು ಬೆಚ್ಚಿ ಅಳತೊಡಗಿತು. ಆ ಕೋಣೆಯಲ್ಲಿ ಬೇರೆ ಯಾರೂ ಅತ್ತ ಕಿವಿ ಕೊಡಲಿಲ್ಲ.

ಡ್ರೈವರು ತನ್ನ ಅಂಗೈ ನೋಡುತ್ತ ಕೂತಿದ್ದ.

"ಅವತ್ತು ನಾನು ನಿನಗೆ ಥ್ಯಾಂಕ್ಸ್ ಹೇಳಿದೆ," ಎಂದ. "ಹೇಳಿಸಿಕೊಂಡು ಹೋದೆಯಲ್ಲ."

"ತಪ್ಪಾಯ್ತು."

"ಯಾವುದು?"

ಡ್ರೈವರ ಹೆಂಡತಿ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. ಅವಳು ಕೂಗಾಡಲಿಲ್ಲ. "ಇವರು ಇನ್ನು ಬಸ್ಸು ಓಡಿಸಲ್ಲ. ಅದನ್ನೂ ಬರೆಸಿ ಅಲ್ಲಿ," ಎಂದಳು. "ನಿಮ್ಮ ಮಗಳೂ ಗೊತ್ತಿದ್ದೇ ಗಾಯ ತೊಳೀತಿದ್ದಳಾ?"

ಹೌದೆಂದು ಮೇಸ್ತ್ರಿ ತಲೆಯಾಡಿಸಿದ.

"ಹೋಗಿ," ಎಂದ ಡ್ರೈವರು. "ಮೇಸ್ತ್ರಿ, ನೀವೂ ಹೋಗಿ."

ಸ್ಟೇಷನ್ನಿನಲ್ಲಿ ಹೇಳಿಕೆ ಬರೆದುಕೊಳ್ಳಲು ಸಂಜೆಯವರೆಗೂ ಬೇಕಾಯಿತು. ಉಳಿದವರ ಹೆಸರು ಹೇಳು ಎಂದು ಎಷ್ಟು ಕೇಳಿದರೂ ಮಗ, "ಅವರು ಬಂದರೆ ಅವರೇ ಹೇಳಲಿ," ಎಂದಷ್ಟೇ ಹೇಳಿದ. ಯಾರೂ ಬರಲಿಲ್ಲ. ಸುಳ್ಳು ಹೇಳಿದ್ದಕ್ಕೆ ಮೇಸ್ತ್ರಿಗೆ ಡಿಪೋದಲ್ಲಿ ಮೂರು ತಿಂಗಳು ಕೆಲಸದಿಂದ ಅಮಾನತಾಯಿತು. ಮಗನಿಗೆ ಎರಡು ವರ್ಷ ಶಿಕ್ಷೆಯಾಯಿತು.

ಮನೆ ನಡೆಯಿತು, ಹೇಗೆ ನಡೆಯುತ್ತದೋ ಹಾಗೆ. ಕ್ಲಬ್ಬಿನವರು ಬಾವುಟದ ಕೆಲಸ ಬೇರೆಯವರಿಗೆ ಕೊಟ್ಟರು. ಅಮ್ಮ ಶಾಲೆಯ ಸಮವಸ್ತ್ರ ಹೊಲಿಯತೊಡಗಿದಳು. ಹಳೆಯ ಗೆಳೆಯರು ಬೀದಿಯಲ್ಲಿ ಎದುರಾದರೆ ಮೇಸ್ತ್ರಿಯನ್ನು ಕಂಡೂ ಕಾಣದ ಹಾಗೆ ಹೋದರು. ಮಗಳನ್ನು ಬೇರೆ ವಾರ್ಡಿಗೆ ಹಾಕಿದರು. ತಿಂಗಳಿಗೊಮ್ಮೆ ಜೈಲಿಗೆ ಹೋಗುವಾಗ ಅಮ್ಮನ ಜೊತೆ ಅವಳೇ ಹೋಗುತ್ತಿದ್ದಳು. ದಾರಿಯುದ್ದಕ್ಕೂ ಇಬ್ಬರೂ ಯಾವುದೋ ಕಾರಣಕ್ಕೆ ಜಗಳವಾಡಿ, ಬರುವಾಗ ಒಂದೇ ಲೋಟದಿಂದ ಚಹಾ ಕುಡಿಯುತ್ತಿದ್ದರು.

ಒಂದೂವರೆ ವರ್ಷವಾದ ಮೇಲೆ ಡ್ರೈವರನ್ನು ಮೇಸ್ತ್ರಿಯ ಡಿಪೋಗೇ ಟೈಮ್ ಕೀಪರ್ ಎಂದು ಹಾಕಿದರು. ಗೇಟಿನ ಪಕ್ಕದ ಸಣ್ಣ ಕೋಣೆಯಲ್ಲಿ ಕೂತು ಹೊರಡುವ ಗಾಡಿಗಳ ಹೊತ್ತು ಬರೆದುಕೊಳ್ಳುವ ಕೆಲಸ. ಗಾಡಿ ಸರಿಯಿದೆ ಎಂದು ಮೆಕ್ಯಾನಿಕ್ ಬಂದು ಹೇಳದೆ ಅದು ಹೊರಡುವಂತಿರಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಮೇಸ್ತ್ರಿ ಆ ಕಿಟಕಿಯ ಮುಂದೆ ನಿಲ್ಲಲೇಬೇಕಾಯಿತು.

"ಹದಿನೇಳು, ಸರಿಯಿದೆ."

"ಹದಿನೇಳು."

"ಮೂವತ್ತೆರಡು, ಸರಿಯಿದೆ."

"ಮೂವತ್ತೆರಡು."

ಇಷ್ಟೇ ಮಾತು. ಮಳೆ ಬಂದರೂ ಇಷ್ಟೇ, ಹೊಸ ವರ್ಷ ಬಂದರೂ ಇಷ್ಟೇ. ನಾಲ್ಕು ತಿಂಗಳು ಹೀಗೇ ನಡೆಯಿತು.

ಒಂದು ದಿನ ಮೇಸ್ತ್ರಿ ನಂಬರುಗಳನ್ನೆಲ್ಲ ಹೇ‍ಳಿ ತಿರುಗಿದಾಗ ಕಿಟಕಿಯಿಂದ ದನಿ ಬಂತು. "ಮೇಸ್ತ್ರಿ."

ಅವನು ನಿಂತ.

"ನಿಮ್ಮ ಮಗ ಯಾವಾಗ ಬರೋದು?"

"ಮುಂದಿನ ವಾರ."

ಡ್ರೈವರು ಪುಸ್ತಕದಿಂದ ತಲೆ ಎತ್ತಲಿಲ್ಲ. "ಈ ಗೇಟಿನ ಕಡೆ ಕಳಿಸಬೇಡಿ. ಅವನ ಮುಖ ನೋಡೋಕೆ ನನಗಿನ್ನೂ ಆಗಲ್ಲ," ಎಂದ. ನಂತರ ಕಿಟಕಿಯಿಂದ ಕೈ ಹೊರಗೆ ಹಾಕಿ ಹೊರಡಲು ಕಾಯುತ್ತಿದ್ದ ಗಾಡಿಗೆ ಸನ್ನೆ ಮಾಡಿದ.

ಆ ಸಂಜೆ ಮೇಸ್ತ್ರಿ ಇದನ್ನು ಮನೆಯಲ್ಲಿ ಹೇಳಿದ. ಅಮ್ಮನ ಮುಖ ಬಿಗಿದುಕೊಂಡಿತು. "ಶಿಕ್ಷೆ ಅನುಭವಿಸಿ ಬರ್ತಿದಾನೆ. ಇನ್ನೂ ಏನು ಬೇಕಂತೆ ಅವರಿಗೆ?"

"ಬೇಕು ಅಂತ ಅವರು ಏನೂ ಕೇಳಿಲ್ಲಮ್ಮ," ಎಂದಳು ಮಗಳು.

ಅಜ್ಜಿ ಕಿವಿಗೆ ಅಂಗೈ ಅಡ್ಡ ಹಿಡಿದು ಮೇಸ್ತ್ರಿಯ ಕಡೆ ಬಾಗಿದಳು. "ಏನಂದ? ಇನ್ನೊಂದು ಸಲ ಹೇಳು. ಅವನು ಹೇಳಿದ ಹಾಗೇ ಹೇಳು."

"ಅವನ ಮುಖ ನೋಡೋಕೆ ನನಗಿನ್ನೂ ಆಗಲ್ಲ ಅಂದ."

"ಇನ್ನೂ ಅಂದನಾ?"

"ಹೂಂ. ಇನ್ನೂ ಅಂದ."

"ಅದರಲ್ಲೇನಿದೆ?" ಎಂದಳು ಸೊಸೆ.

"ಏನಿಲ್ಲ," ಎಂದಳು ಅಜ್ಜಿ. "ಅಂದ ಅಷ್ಟೇ. ಅನ್ನ ಆರ್ತಿದೆ, ಬಡಿಸು."